ಅರಳು ಮರಳೆಂದು ಅವರನ್ನು ಕೂರಿಸಬೇಡಿ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಅಜ್ಜ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದರೆ ನಾವು ನಗುತ್ತ ಈ ಮಾತು ಹೇಳುತ್ತೇವೆ. ಅಜ್ಜಿ ಊಟ ಮಾಡಿ ಅರ್ಧ ಗಂಟೆಯೂ ಆಗಿರುವುದಿಲ್ಲ, “ನನಗೆ ಯಾರೂ ಊಟಕ್ಕೆ ಹಾಕಲಿಲ್ಲ” ಎಂದು ಪಕ್ಕದ ಮನೆಯವರ ಮುಂದೆ ದೂರಿದರೆ ನಗದೆ, ತುಸು ಸಿಟ್ಟಿನಿಂದಲೇ, ಮತ್ತೆ ಇದೇ ಮಾತು ಹೇಳುತ್ತೇವೆ. ನಮ್ಮ ಮನೆಯಲ್ಲೂ ಹೀಗೆಯೇ ಆಯಿತು. ಕೈಗೊಂದು ಗಾದೆ ಸಿಕ್ಕಿದ್ದರಿಂದ ಎರಡು ವರ್ಷ ನಾವು ವೈದ್ಯರ ಬಳಿಗೇ ಹೋಗಲಿಲ್ಲ. ಆ ಎರಡು ವರ್ಷಗಳಲ್ಲಿ ನಾವು ಮಾಡಿದ ತಪ್ಪೇನು, ಆಮೇಲೆ ಕಲಿತದ್ದೇನು ಎಂಬುದನ್ನು ಪತ್ರಿಕೆಯ ಕುಟುಂಬಗಳೊಂದಿಗೆ ಹಂಚಿಕೊಳ್ಳೋಣವೆಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮ ಅವ್ವ ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯವರು. ದುಧನಿ, ಮೈಂದರ್ಗಿ ಕಡೆಯ ಊರುಗಳನ್ನು ನೋಡಿದವರಿಗೆ ಗೊತ್ತು: ಸರಕಾರದ ಫಲಕ ಮರಾಠಿಯಲ್ಲಿ, ಮನೆಯ ಮಾತು ಕನ್ನಡದಲ್ಲಿ, ಸಂತೆಯ ಮಾತು ಎರಡರಲ್ಲೂ. ಅವ್ವ ಶಾಲೆಗೆ ಹೋದವರಲ್ಲ. ಬೆಳಗಿನ ನಾಲ್ಕಕ್ಕೆ ಎದ್ದರೆ ಕಸ ಗುಡಿಸುವುದು, ನೀರು ತರುವುದು, ದನಕ್ಕೆ ಮೇವು ಹಾಕುವುದು, ಹತ್ತು ಜನಕ್ಕೆ ಜೋಳದ ಭಕ್ಕರಿ ಬಡಿಯುವುದು. ಬಿಸಿಲೇರುವ ಹೊತ್ತಿಗೆ ತಲೆಯ ಮೇಲೆ ಬುತ್ತಿ ಹೊತ್ತು ಹೊಲಕ್ಕೆ. ‘ವ್ಯಾಯಾಮ’ ಎಂಬ ಪದವನ್ನು ಅವರು ಬಾಯಲ್ಲಿ ಎಂದೂ ಆಡಿರಲಿಕ್ಕಿಲ್ಲ. 2019ರಲ್ಲಿ ಅಪ್ಪ ತೀರಿಕೊಂಡ ಮೇಲೆ ಒಬ್ಬರೇ ಹೇಗಿರುತ್ತಾರೆಂದು ನಾವು ಅವರನ್ನು ಸೊಲ್ಲಾಪುರದ ನಮ್ಮ ಮನೆಗೆ ಕರೆತಂದೆವು.

ಎರಡನೆಯ ಮಹಡಿಯ ಮನೆ. “ಅವ್ವ, ಜೀವನವೆಲ್ಲ ದುಡಿದಿದ್ದೀ. ಇನ್ನು ಕೂತುಕೋ” ಎಂದೆವು. ಕಸಬರಿಗೆ ಹಿಡಿದರೆ ಕಸಿದುಕೊಂಡೆವು. ಒಲೆಯ ಬಳಿ ಬಂದರೆ ಕುರ್ಚಿ ತೋರಿಸಿದೆವು. ನೀರು ಬೇಕೆಂದರೆ ಕೂತಲ್ಲಿಗೇ ಲೋಟ. ಪ್ರೀತಿಯಿಂದಲೇ ಮಾಡಿದೆವು, ಅದರಲ್ಲಿ ಸಂದೇಹವಿಲ್ಲ. ನೆರೆಹೊರೆಯವರು “ಸೊಸೆ ಅಂದರೆ ಹೀಗಿರಬೇಕು” ಎಂದು ಹೊಗಳಿದರು. ಅಷ್ಟರಲ್ಲಿ 2020ರ ಲಾಕ್‌ಡೌನ್ ಬಂತು. ಮೆಟ್ಟಿಲಿಳಿದು ಅಂಗಳಕ್ಕೆ ಹೋಗುವುದೂ ನಿಂತಿತು. ಹೀಗೆ ಎಪ್ಪತ್ತರ ಆಸುಪಾಸಿನ, ದಿನಕ್ಕೆ ಹತ್ತು ಗಂಟೆ ಮೈ ಬಗ್ಗಿಸುತ್ತಿದ್ದ ಒಬ್ಬ ರೈತ ಹೆಂಗಸು ಕೆಲವೇ ತಿಂಗಳಲ್ಲಿ ಟಿ.ವಿ.ಯ ಮುಂದೆ ಕುರ್ಚಿಯಲ್ಲಿ ಕೂತ ಮುದುಕಿಯಾದರು.

ಮರೆವು ಮೆಲ್ಲನೆ ಬಂತು. ಸಾರಿಗೆ ಎರಡು ಸಲ ಉಪ್ಪು. ಮೊಮ್ಮಗಳನ್ನು ತಂಗಿಯ ಹೆಸರಿನಿಂದ ಕರೆಯುವುದು. ಕೇಳಿದ್ದನ್ನೇ ಕೇಳುವುದು. ಸಂಜೆಯಾದರೆ “ಮನೆಗೆ ಹೋಗೋಣ, ದನ ಬರುವ ಹೊತ್ತಾಯಿತು” ಎಂಬ ಚಡಪಡಿಕೆ. ನಾವು ಗಾದೆ ಹೇಳಿ ಸುಮ್ಮನಾದೆವು. 2022ರ ಒಂದು ಮಧ್ಯಾಹ್ನ ಮನೆಯಲ್ಲಿ ಎಲ್ಲರೂ ಮಲಗಿದ್ದಾಗ ಅವ್ವ ಬಾಗಿಲು ತೆರೆದುಕೊಂಡು ಹೊರಟೇಬಿಟ್ಟರು. ಮೂರು ತಾಸು ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಬಸ್ ನಿಲ್ದಾಣದಲ್ಲಿ. ಬರಿಗಾಲು, ಕೈಯಲ್ಲೊಂದು ಖಾಲಿ ಚೀಲ. ಅಕ್ಕಲಕೋಟೆಯ ಬಸ್ಸು ಯಾವುದೆಂದು ಕಂಡಕಂಡವರನ್ನು ಕೇಳುತ್ತಿದ್ದರಂತೆ. ಹೂ ಮಾರುವ ಹೆಂಗಸೊಬ್ಬಳು ಕನ್ನಡದ ಮಾತು ಕೇಳಿ, ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಚಹಾ ಕೊಡಿಸಿದ್ದಳು. ಆಕೆಯ ಹೆಸರನ್ನು ಕೇಳುವುದಕ್ಕೂ ನಮಗೆ ಆ ಗಾಬರಿಯಲ್ಲಿ ತೋಚಲಿಲ್ಲ.

ಮರುದಿನವೇ ವೈದ್ಯರ ಬಳಿಗೆ ಓಡಿದೆವು.

ಪ್ರಶ್ನೆ ಯಾವ ಭಾಷೆಯಲ್ಲಿ?

ಮೊದಲು ಹೋದ ಕಡೆ ನಡೆದದ್ದನ್ನು ಗಡಿಭಾಗದ ಕುಟುಂಬಗಳಿಗಾಗಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಯುವ ವೈದ್ಯರು ಒಳ್ಳೆಯವರೇ. ಆದರೆ ಪ್ರಶ್ನೆಗಳೆಲ್ಲ ಮರಾಠಿಯಲ್ಲಿ. ಇಂದು ಯಾವ ತಾರೀಖು? ಇದು ಯಾವ ಜಿಲ್ಲೆ? ನೂರರಿಂದ ಏಳೇಳು ಕಳೆಯುತ್ತ ಹೋಗಿ. ಈ ಕಾಗದದ ಮೇಲೆ ಒಂದು ವಾಕ್ಯ ಬರೆಯಿರಿ. ಅವ್ವ ನಮ್ಮ ಮುಖ ನೋಡಿದರು, ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಸಂತೆಯ ಮರಾಠಿ ಬಲ್ಲವರಿಗೆ ಪರೀಕ್ಷೆಯ ಮರಾಠಿ ಬರಬೇಕೆಂದೇನೂ ಇಲ್ಲ. ಮೂವತ್ತಕ್ಕೆ ಸಿಕ್ಕ ಅಂಕಗಳನ್ನು ನೋಡಿ “ಕಾಯಿಲೆ ಬಹಳ ಮುಂದುವರಿದಿದೆ” ಎಂದರು. ಕೆಲವು ವಾರಗಳ ನಂತರ ಕನ್ನಡ ಬಲ್ಲ ಇನ್ನೊಬ್ಬ ವೈದ್ಯರು ತಾರೀಖಿನ ಬದಲು “ಎಳ್ಳಮವಾಸ್ಯೆ ಆಗಿ ಎಷ್ಟು ದಿನವಾಯಿತು ತಾಯಿ? ಈಗ ಹೊಲದಲ್ಲಿ ಏನು ನಿಂತಿದೆ?” ಎಂದು ಕೇಳಿದರು. ಅವ್ವ ನೆಟ್ಟಗೆ ಕೂತು ಉತ್ತರ ಹೇಳತೊಡಗಿದರು. ಎಲ್ಲ ಸರಿ ಹೇಳಿದರೆಂದಲ್ಲ. ತಪ್ಪುಗಳೂ ಇದ್ದವು, ಐದು ನಿಮಿಷದ ಹಿಂದೆ ಹೇಳಿದ ಮೂರು ಪದಗಳಲ್ಲಿ ಒಂದೂ ನೆನಪಿರಲಿಲ್ಲ. ಆದರೆ ಕಾಯಿಲೆ ಇನ್ನೂ ಆರಂಭದ ಹಂತದಲ್ಲಿದೆಯೆಂದು ಗೊತ್ತಾಯಿತು.

ಮೂವತ್ತು ಅಂಕಗಳ ಈ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ತಯಾರಾದದ್ದು. ಶಾಲೆ ಕಲಿಯದವರಿಗೆ ಅದು ಅನ್ಯಾಯ ಮಾಡುತ್ತದೆಂದು ನಮ್ಮ ದೇಶದ ತಜ್ಞರು 1990ರ ದಶಕದಲ್ಲೇ ಕಂಡುಕೊಂಡು, ಹರಿಯಾಣದ ಬಲ್ಲಭಗಢದಲ್ಲಿ ಹಳ್ಳಿಗರಿಗೆ ಹೊಂದುವ ಹಿಂದಿ ರೂಪವನ್ನು ಸಿದ್ಧಪಡಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆಮೇಲೆ ರೂಪಿಸಿದ ಪರೀಕ್ಷೆಗಳ ಪೆಟ್ಟಿಗೆಯಲ್ಲಿ ಕನ್ನಡವೂ ಇದೆ. ಆದ್ದರಿಂದ ನಿಮ್ಮ ಹಿರಿಯರನ್ನು ಕರೆದೊಯ್ದಾಗ ಸಂಕೋಚ ಬೇಡ, ಅವರ ಮನೆಮಾತಿನಲ್ಲಿ ಕೇಳಿ ಎಂದು ವಿನಂತಿಸಿಕೊಳ್ಳಿ; ಇಲ್ಲವಾದರೆ ನೀವೇ ಅನುವಾದಿಸಲು ನಿಲ್ಲಿ. ಆದರೆ ಉತ್ತರವನ್ನು ಮಾತ್ರ ನೀವು ಪಿಸುಗುಟ್ಟಬೇಡಿ! ನಾವು ಅದನ್ನೂ ಮಾಡಿ ಬೈಸಿಕೊಂಡಿದ್ದೇವೆ.

ಭಾಷೆಯ ಮಾತು ಬಂದದ್ದರಿಂದ ಒಂದು ಸಂತೋಷದ ಸಂಗತಿಯನ್ನೂ ಹೇಳಿಬಿಡುತ್ತೇವೆ. ಹೈದರಾಬಾದಿನಲ್ಲಿ ವೈದ್ಯೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಮಂದಿ ಮರೆವಿನ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಪಕ್ಕದ ಪದ್ಮಸಾಲಿ ನೇಕಾರರ ಓಣಿಯಲ್ಲಿ ತೆಲುಗು ಎಂದು ಬಾಳುವ ಸೊಲ್ಲಾಪುರದವರು ಇದನ್ನು ಕೇಳಿ ಹಿಗ್ಗಬಹುದು.

ಇನ್ನು ಕಾಯಿಲೆಯ ವಿಷಯ. ಮರೆವೆಲ್ಲ ಒಂದೇ ಅಲ್ಲ. ಹೆಸರು ತಟ್ಟನೆ ನೆನಪಾಗದೆ, ಸಂಜೆ ಹೊತ್ತಿಗೆ ನೆನಪಾಗುವುದು ವಯಸ್ಸಿನ ಮರೆವು. ಅದಕ್ಕಿಂತ ಹೆಚ್ಚು ಮರೆತರೂ ದಿನದ ಕೆಲಸಗಳನ್ನು ತಾವೇ ನಡೆಸಿಕೊಂಡು ಹೋಗುವ ಒಂದು ನಡುವಣ ಹಂತವಿದೆ. ಅದನ್ನು ಅರಿವಿನ ಸೌಮ್ಯ ಕುಂದು ಎನ್ನಬಹುದು. ಈ ಹಂತದವರೆಲ್ಲ ಮುಂದೆ ರೋಗಿಗಳಾಗುವುದಿಲ್ಲ. ದುಡ್ಡು ಎಣಿಸುವುದು, ದಾರಿ ಹಿಡಿಯುವುದು, ಬಟ್ಟೆ ಉಡುವುದು ಇವೇ ಕಷ್ಟವಾದಾಗ ಅದು ಡಿಮೆನ್ಷಿಯಾ. ಅದರಲ್ಲಿ ಹೆಚ್ಚು ಕಾಣುವುದು 1906ರಲ್ಲಿ ಜರ್ಮನಿಯ ವೈದ್ಯ ಆಲೊಯಿಸ್ ಅಲ್ಝೈಮರ್ ಮೊದಲು ವಿವರಿಸಿದ ಕಾಯಿಲೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಂದ ಮಿದುಳಿನ ಸಣ್ಣ ರಕ್ತನಾಳಗಳು ಕಟ್ಟಿ ಬರುವುದು ಇನ್ನೊಂದು. ಎರಡೂ ಕೂಡಿಬರುವುದೂ ಉಂಟು. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಲೆಕ್ಕದಂತೆ ಅರವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ ಸುಮಾರು ಏಳು ಮಂದಿಗೆ, ಅಂದರೆ ಒಟ್ಟು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ಅಂದರೆ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಹಿರಿಯರಿಗೆ ಅದು ಇಲ್ಲ. ಗಾದೆ ಹೇಳುವಂತೆ ಅರವತ್ತಾದವರಿಗೆಲ್ಲ ಬರುವಂಥದ್ದಲ್ಲ!

ಆ ಎರಡನೆಯ ವೈದ್ಯರು ಮೊದಲು ಮಾಡಿಸಿದ್ದು ರಕ್ತ ಪರೀಕ್ಷೆ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಮೂತ್ರದ ಸೋಂಕು, ಕೆಲವು ನಿದ್ರೆ ಮಾತ್ರೆಗಳು ಸಹ ಮರೆವಿನಂತೆಯೇ ತೋರುತ್ತವೆ, ಅವಕ್ಕೆ ಚಿಕಿತ್ಸೆಯುಂಟು. ಅವ್ವನಿಗೆ ಬಿ-12 ಕಡಿಮೆಯಿತ್ತು, ರಕ್ತದೊತ್ತಡ ಹೆಚ್ಚಿತ್ತು, ಬಲಗಿವಿ ಮಂದವಾಗಿತ್ತು. ಎಲ್ಲಕ್ಕೂ ಔಷಧಿ ಬರೆದು, ಕೊನೆಗೆ ಕೇಳಿದರು: “ಇವರು ದಿನಕ್ಕೆ ಎಷ್ಟು ನಡೆಯುತ್ತಾರೆ?” ನಾವು ಹೆಮ್ಮೆಯಿಂದಲೇ ಹೇಳಿದೆವು, “ಒಂದು ಹೆಜ್ಜೆಯೂ ಇಡಗೊಡುವುದಿಲ್ಲ ಡಾಕ್ಟರೇ.” ಅವರು ಪೆನ್ನು ಕೆಳಗಿಟ್ಟು ನಮ್ಮನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ.

ಕಾಲಿಗೂ ತಲೆಗೂ ಏನು ಸಂಬಂಧ?

ನಾವೂ ಇದೇ ಪ್ರಶ್ನೆ ಕೇಳಿದೆವು. ಮಿದುಳು ನಮ್ಮ ತೂಕದ ಐವತ್ತನೆಯ ಒಂದು ಭಾಗದಷ್ಟಿದ್ದರೂ ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಆಮ್ಲಜನಕದ ಸುಮಾರು ಐದನೆಯ ಒಂದು ಭಾಗವನ್ನು ಅದೇ ಉಪಯೋಗಿಸುತ್ತದೆ. ನಡೆಯುವಾಗ ಹೃದಯ ಚುರುಕಾಗುತ್ತದೆ, ರಕ್ತ ಸಂಚಾರ ಹೆಚ್ಚುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಹತೋಟಿಗೆ ಬರುತ್ತವೆ, ರಾತ್ರಿ ನಿದ್ರೆ ಬರುತ್ತದೆ. ನರಕೋಶಗಳಿಗೆ ಗೊಬ್ಬರದಂತಿರುವ ಒಂದು ಪ್ರೋಟೀನು ವ್ಯಾಯಾಮದಿಂದ ಹೆಚ್ಚುವುದನ್ನೂ ವಿಜ್ಞಾನಿಗಳು ಗುರುತಿಸಿದ್ದಾರೆ. ಮಿದುಳಿನಲ್ಲಿ ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗ ಮುಪ್ಪಿನಲ್ಲಿ ವರ್ಷವರ್ಷವೂ ಕುಗ್ಗುತ್ತದೆ. ಅಮೆರಿಕದಲ್ಲಿ 120 ಹಿರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರನ್ನು ವಾರಕ್ಕೆ ಮೂರು ದಿನ ನಲವತ್ತು ನಿಮಿಷದವರೆಗೆ ಒಂದು ವರ್ಷ ನಡೆಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನಡೆದವರ ಆ ಭಾಗ ಕುಗ್ಗುವ ಬದಲು ನೂರಕ್ಕೆ ಎರಡರಷ್ಟು ಬೆಳೆದಿತ್ತು. ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರದ್ದು ಕುಗ್ಗಿತ್ತು.

ಆದರೆ ಅವರು ಡಿಮೆನ್ಷಿಯಾ ಇಲ್ಲದ ಹಿರಿಯರು ಎಂಬುದನ್ನು ಮರೆಯಬಾರದು. ಆಗಲೇ ಅರಿವು ಕುಂದಿದವರ ವಿಷಯವೇನು? ಇಲ್ಲಿ ನಾವು ಪ್ರಾಮಾಣಿಕವಾಗಿರಬೇಕು. ಏಕೆಂದರೆ ‘ನಲವತ್ತು ದಿನದಲ್ಲಿ ನೆನಪು ಮರಳುತ್ತದೆ’ ಎಂಬ ಜಾಹೀರಾತುಗಳಿಗೆ ಹಣ ಕಳೆದುಕೊಂಡವರನ್ನು ನಾವು ಬಲ್ಲೆವು.

ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ, ನೆನಪು ಕುಂದುತ್ತಿದೆ ಎಂದು ದೂರುತ್ತಿದ್ದ 170 ಜನರ ಮೇಲೆ ನಡೆದ ಅಧ್ಯಯನ 2008ರಲ್ಲಿ ಹೊರಬಂತು. ಆರು ತಿಂಗಳು ವಾರಕ್ಕೆ 150 ನಿಮಿಷ ಮನೆಯಲ್ಲೇ ವ್ಯಾಯಾಮ, ಮುಖ್ಯವಾಗಿ ನಡಿಗೆ. ಒಂದೂವರೆ ವರ್ಷದ ನಂತರವೂ ವ್ಯಾಯಾಮದವರ ಅರಿವಿನ ಅಂಕಗಳು ಉಳಿದವರಿಗಿಂತ ತುಸು ಮೇಲಿದ್ದವು. ತುಸು ಮಾತ್ರ. ಅದಕ್ಕೆ ತದ್ವಿರುದ್ಧವಾದ ಸುದ್ದಿ 2018ರಲ್ಲಿ ಇಂಗ್ಲೆಂಡಿನಿಂದ ಬಂತು. ಡಿಮೆನ್ಷಿಯಾ ಖಚಿತವಾಗಿದ್ದ 494 ಮಂದಿಯಲ್ಲಿ ಹೆಚ್ಚಿನವರಿಗೆ ನಾಲ್ಕು ತಿಂಗಳು ಜಿಮ್ಮಿನಲ್ಲಿ ಭಾರವಾದ ವ್ಯಾಯಾಮ ಮಾಡಿಸಿದರು. ಅವರ ಮೈ ಗಟ್ಟಿಯಾಯಿತು, ನಡಿಗೆಯ ವೇಗ ಹೆಚ್ಚಿತು. ಆದರೆ ಮರೆವು ನಿಧಾನವಾಗಲಿಲ್ಲ. ವರ್ಷದ ಕೊನೆಗೆ ಅವರ ಅಂಕಗಳು ಈ ವ್ಯಾಯಾಮ ಮಾಡಿಸದವರಿಗಿಂತ ಒಂದಿಷ್ಟು ಹಿಂದೆಯೇ ಇದ್ದವು. ಇದನ್ನು ಓದಿದ ದಿನ ನಮಗೆ ಬೇಸರವಾದದ್ದು ನಿಜ.

ಆಮೇಲೆ 2025ರಲ್ಲಿ ಅಮೆರಿಕದ ಇನ್ನೊಂದು ಅಧ್ಯಯನ ಪ್ರಕಟವಾಯಿತು. ನಡುವಣ ಹಂತದ 296 ಹಿರಿಯರು. ಅರ್ಧ ಜನಕ್ಕೆ ಉಸಿರು ಏರುವಂಥ ವ್ಯಾಯಾಮ, ಅರ್ಧ ಜನಕ್ಕೆ ಹಗುರವಾದ ಮೈ ಸಡಿಲಿಕೆ ಮತ್ತು ಸಮತೋಲನದ ಅಭ್ಯಾಸ. ಒಂದು ವರ್ಷ ಕಳೆದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಎರಡೂ ಗುಂಪಿನವರ ಅರಿವು ಕುಸಿಯದೆ ನಿಂತಿತ್ತು! ಅಂಥದೇ ಸ್ಥಿತಿಯಲ್ಲಿದ್ದು, ಈ ಕಾರ್ಯಕ್ರಮಕ್ಕೆ ಸೇರದವರು ಆ ಅವಧಿಯಲ್ಲಿ ಹಿಂದೆ ಬಿದ್ದಿದ್ದರು. ಇದಕ್ಕೆ ಕಾರಣ ವ್ಯಾಯಾಮವೋ, ಅಥವಾ ವಾರವಾರವೂ ಮನೆಯಿಂದ ಹೊರಬಂದು ತರಬೇತುದಾರರೊಡನೆ, ಜೊತೆಗಾರರೊಡನೆ ಕಳೆದ ಹೊತ್ತೋ? ಎರಡೂ ಇರಬಹುದೆಂದು ನಮಗನ್ನಿಸುತ್ತದೆ. ಒಬ್ಬರೇ ಕೂತ ಹಿರಿಯರಿಗೆ ಎರಡೂ ಇಲ್ಲ.

ಹೀಗಾಗಿ ನಾವು ಅರ್ಥಮಾಡಿಕೊಂಡದ್ದು ಇಷ್ಟು. ಆರೋಗ್ಯವಾಗಿರುವಾಗ, ನಡುವಯಸ್ಸಿನಿಂದಲೇ ನಡೆಯುವುದು ಮರೆವಿನ ಅಪಾಯವನ್ನು ಕಡಿಮೆ ಮಾಡುತ್ತದೆ. ಬದುಕಿನ ಬೇರೆ ಬೇರೆ ಹಂತಗಳಲ್ಲಿ ಹದಿನಾಲ್ಕು ಕಾರಣಗಳನ್ನು ತಿದ್ದಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗ ಹೇಳಿತು. ಮೈ ಅಲುಗಿಸದಿರುವುದು, ಕಿವಿ ಮಂದವಾಗುವುದು, ಒಂಟಿತನ, ರಕ್ತದೊತ್ತಡ ಇವೆಲ್ಲ ಆ ಪಟ್ಟಿಯಲ್ಲಿವೆ. ಮರೆವು ಆಗಲೇ ಮನೆ ಮಾಡಿದ್ದರೆ ನಡಿಗೆ ಅದನ್ನು ಓಡಿಸುವುದಿಲ್ಲ. ಆದರೆ ತಾನೇ ಎದ್ದು ಬಚ್ಚಲಿಗೆ ಹೋಗುವ, ತಾನೇ ತುತ್ತು ಬಾಯಿಗಿಡುವ, ಬೀಳದೆ ಎರಡು ಮೆಟ್ಟಿಲು ಹತ್ತುವ ದಿನಗಳನ್ನು ಉಳಿಸಿಕೊಡಬಲ್ಲದು. ಹಿರಿಯರನ್ನು ನೋಡಿಕೊಂಡವರಿಗೆ ಈ ದಿನಗಳ ಬೆಲೆ ಗೊತ್ತು.

ಕೆರೆಯ ದಂಡೆ, ಭಕ್ಕರಿಯ ಹಿಟ್ಟು

ವೈದ್ಯರು ನಮ್ಮನ್ನು ಒಬ್ಬ ಫಿಸಿಯೊಥೆರಪಿ ತಜ್ಞೆಯ ಬಳಿ ಕಳುಹಿಸಿದರು. ಆಕೆ ಯಾವ ಯಂತ್ರವನ್ನೂ ತೋರಿಸಲಿಲ್ಲ. ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರಲು ಹೇಳಿದರು. ಅವ್ವನಿಗೆ ಮೂರನೆಯದಕ್ಕೇ ಆಗಲಿಲ್ಲ. ಮೂರು ವರ್ಷದ ಹಿಂದೆ ತಲೆಯ ಮೇಲೆ ಹೊರೆ ಹೊತ್ತವರು! ಅಂದಿನಿಂದ ನಮ್ಮ ಮನೆಯ ಅಭ್ಯಾಸ ಶುರುವಾಯಿತು. ಬೆಳಿಗ್ಗೆ, ಸಂಜೆ ಕುರ್ಚಿಯಿಂದ ಏಳುವುದು, ಕೂರುವುದು. ಅಡುಗೆ ಮನೆಯ ಕಟ್ಟೆ ಹಿಡಿದು ತುದಿಗಾಲಲ್ಲಿ ನಿಲ್ಲುವುದು. ಗೋಡೆಯ ಪಕ್ಕದಲ್ಲಿ ಒಂದು ಕಾಲಿನ ಮುಂದೆ ಇನ್ನೊಂದಿಟ್ಟು ನಡೆಯುವುದು. ಪಕ್ಕದಲ್ಲಿ ಒಬ್ಬರು ನಿಂತೇ ಇರಬೇಕು. ಮತ್ತು ದಿನವೂ ನಡಿಗೆ. ಮೊದಲ ವಾರ ಹತ್ತು ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150 ನಿಮಿಷ, ಮತ್ತೆ ಹಿರಿಯರಿಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನದ ಅಭ್ಯಾಸ. ನಾವು ಆ ಲೆಕ್ಕಕ್ಕೆ ಮುಟ್ಟಲು ಐದು ತಿಂಗಳು ಬೇಕಾಯಿತು.

ನಡೆಯುವ ಜಾಗ ಸಿದ್ಧೇಶ್ವರ ಕೆರೆಯ ದಂಡೆ. ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮರು ಜನರನ್ನು ಕೂಡಿಸಿಕೊಂಡು ಅಗೆಸಿದ ಕೆರೆಯೆಂದು ಊರೇ ಹೇಳುತ್ತದೆ. ಒಂದು ಕಡೆ ಹಳೆಯ ಕೋಟೆ, ನಡುವೆ ನೀರು. ಸೊಲ್ಲಾಪುರ ಜಿಲ್ಲೆಯವರಿಗೆ ನಡಿಗೆ ಹೊಸದೇ? ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜಗಳ ಜೊತೆ ಅರವತ್ತೆಂಟು ಲಿಂಗಗಳ ದಾರಿ ತುಳಿಯುವವರಲ್ಲಿ, ಸೊಲ್ಲಾಪುರದಿಂದ ಸುಮಾರು ನಲವತ್ತು ಕಿಲೋಮೀಟರು ದೂರದ ಅಕ್ಕಲಕೋಟೆಗೆ ಕಾಲ್ನಡಿಗೆಯಲ್ಲಿ ಹೋಗುವವರಲ್ಲಿ, ಆಳಂದಿಯಿಂದ ಮೂರು ವಾರ ನಡೆದು ಪಂಢರಪುರ ಮುಟ್ಟುವವರಲ್ಲಿ ಎಷ್ಟು ಮಂದಿ ಬಿಳಿ ಕೂದಲಿನವರು! ಈ ನೆಲದಲ್ಲಿ ಹಿರಿಯರು ನಡೆಯುವುದು ಪದ್ಧತಿ. ಅವರನ್ನು ಕೂರಿಸುವುದು ನಮ್ಮ ಫ್ಲ್ಯಾಟುಗಳ ಪದ್ಧತಿ.

ಇಲ್ಲಿನ ಬಿಸಿಲನ್ನು ಮಾತ್ರ ಲಘುವಾಗಿ ಕಾಣುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುತ್ತದೆ. ಮರೆವಿನವರು ಬಾಯಾರಿಕೆಯನ್ನೂ ಮರೆಯುತ್ತಾರೆ; ಮೈಯಲ್ಲಿ ನೀರು ಕಡಿಮೆಯಾದರೆ ಗೊಂದಲ ದಿಢೀರನೆ ಹೆಚ್ಚುತ್ತದೆ. ಬೇಸಿಗೆಯಲ್ಲಿ ಆರು ಗಂಟೆಗೇ ಮನೆಗೆ ಮರಳುವಂತೆ ಹೊರಡುತ್ತೇವೆ, ಬಾಟಲಿ ಜೊತೆಗಿರುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ. ರವಿಕೆಯ ಒಳಜೇಬಿನಲ್ಲಿ ನಮ್ಮ ಫೋನ್ ನಂಬರು ಬರೆದ ಚೀಟಿ, ಕನ್ನಡದಲ್ಲಿ ಮತ್ತು ಮರಾಠಿಯಲ್ಲಿ. ಬಸ್ ನಿಲ್ದಾಣದ ಆ ಮಧ್ಯಾಹ್ನ ಕಲಿಸಿದ ಪಾಠ ಅದು. ಹೃದಯದ ತೊಂದರೆ, ಇನ್ಸುಲಿನ್ ಇರುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು.

ನಡೆಯುತ್ತ ಮಾತಾಡಿಸುವುದರಲ್ಲೂ ಒಂದು ಸೂಕ್ಷ್ಮವಿದೆ. ಮಾತಾಡಿಸಿದ ಕೂಡಲೇ ನಡಿಗೆ ನಿಲ್ಲಿಸಿಬಿಡುವ ಹಿರಿಯರು ಮುಂದೆ ಬೀಳುವ ಸಂಭವ ಹೆಚ್ಚೆಂದು ಸ್ವೀಡನ್ನಿನ ವೈದ್ಯರು 1997ರಲ್ಲೇ ತೋರಿಸಿದ್ದರು. ನಡೆಯುವುದಕ್ಕೂ ಮಿದುಳು ಬೇಕು, ಉತ್ತರಿಸುವುದಕ್ಕೂ ಮಿದುಳು ಬೇಕು. ಎರಡಕ್ಕೂ ಸಾಲದೆ ಹೋಗುತ್ತದೆ. ಅವ್ವ ಹಾಗೆಯೇ ನಿಲ್ಲುತ್ತಿದ್ದರು. ಆದ್ದರಿಂದ ರಸ್ತೆ ದಾಟುವಾಗ ನಾವು ಬಾಯಿ ಮುಚ್ಚಿಕೊಂಡಿರುತ್ತೇವೆ. ಸಮತಟ್ಟಾದ ದಂಡೆಯ ಮೇಲೆ ಮಾತ್ರ ಮೆಲ್ಲನೆ ಎಣಿಕೆ, ಊರುಗಳ ಹೆಸರು, ಕಾಳುಗಳ ಹೆಸರು. ಜಪಸರವಾದರೆ ತಡೆಯೇ ಇಲ್ಲ, ಮೊದಲಿಂದ ಕೊನೆಯವರೆಗೆ ನಡೆಯುತ್ತಲೇ ಹೇಳುತ್ತಾರೆ. ಬೆಳಗಿನ ತಿಂಡಿ ನೆನಪಿಲ್ಲದವರಿಗೆ ಇದು ಹೇಗೆ ಬರುತ್ತದೆ ಎಂದು ನಮ್ಮ ಮಗಳು ಕೇಳಿದಳು. ಸಾವಿರಾರು ಸಲ ಮಾಡಿದ್ದು ಮಿದುಳಿನ ಬೇರೆ ಕಡೆ, ಆಳದಲ್ಲಿ ನೆಲೆಸಿರುತ್ತದೆ. ಈ ಕಾಯಿಲೆ ಅಲ್ಲಿಗೆ ತಡವಾಗಿ ಮುಟ್ಟುತ್ತದೆ.

ಭಕ್ಕರಿಯ ಕಥೆಯೂ ಅದೇ. ಒಂದು ಭಾನುವಾರ ಹಿಟ್ಟು ನಾದಿ ಅವ್ವನ ಮುಂದಿಟ್ಟೆವು. ಅವರು ಏನನ್ನೂ ಕೇಳಲಿಲ್ಲ. ಉಂಡೆ ಮುರಿದರು, ಒಣ ಹಿಟ್ಟು ಚೆಲ್ಲಿದರು, ತಟ್ಟತೊಡಗಿದರು. ತಟ ತಟ ಎಂಬ ಆ ಸದ್ದು ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಕೇಳಿರಲಿಲ್ಲ. ದುಂಡಗೆ, ಅಂಚು ಒಡೆಯದ ಭಕ್ಕರಿ. ಆರನೆಯದಕ್ಕೆ ಹಣೆಯಲ್ಲಿ ಬೆವರು. ಒಲೆಯ ಬೆಂಕಿ ನಾವು ನೋಡಿಕೊಳ್ಳುತ್ತೇವೆ, ತಟ್ಟುವುದು ಅವರದು. ಶೇಂಗಾ ಸುಲಿಯುವುದು, ಒಣಗಿದ ಬಟ್ಟೆ ಮಡಿಚುವುದು, ಕುಂಡದ ತುಳಸಿಗೆ ನೀರು ಹಾಕುವುದು ಎಲ್ಲ ಮತ್ತೆ ಅವರ ಪಾಲಿಗೆ ಬಂದವು. ಬಟ್ಟೆ ಅಡ್ಡಾದಿಡ್ಡಿ ಮಡಿಚುತ್ತಾರೆ, ಅವರು ಮಲಗಿದ ಮೇಲೆ ನಾವು ಬಿಚ್ಚಿ ಮತ್ತೆ ಮಡಿಚುತ್ತೇವೆ.

ಒಂದು ಮಾತನ್ನು ಮನೆಯ ಗಂಡಸರಿಗೆ ಹೇಳಬೇಕು. ‘ಅವ್ವನನ್ನು ನಡೆಸಬೇಕು’ ಎಂದು ತೀರ್ಮಾನವಾದಾಗ ಎಲ್ಲರ ಕಣ್ಣೂ ಸೊಸೆಯ ಕಡೆಗೇ ತಿರುಗಿದ್ದವು. ಮೊದಲ ತಿಂಗಳು ಬೆಳಗಿನ ಅಡುಗೆ, ಮಕ್ಕಳ ಡಬ್ಬಿ, ಅತ್ತೆಯ ನಡಿಗೆ ಮೂರೂ ಒಬ್ಬಳ ಹೆಗಲಿಗೆ. ಎರಡನೆಯ ತಿಂಗಳು ಅವಳೇ ಜ್ವರ ಹಿಡಿದು ಮಲಗಿದಳು, ನಡಿಗೆ ನಿಂತಿತು. ಈಗ ವಾರವನ್ನು ಹಂಚಿಕೊಂಡಿದ್ದೇವೆ: ಮೂರು ದಿನ ಮಗ, ಎರಡು ದಿನ ಸೊಸೆ, ಒಂದು ದಿನ ಮೊಮ್ಮಗಳು. ಭಾನುವಾರ ಬಲಿಪೂಜೆಗೆ ಹೋಗಿ ಬರುವ ದಾರಿಯೇ ನಡಿಗೆ. ಯಾರೂ ಇಲ್ಲದ ಮನೆಯವರು, ದಾರಿ ತೋಚದವರು ಹಿರಿಯರ ಸಹಾಯವಾಣಿ 14567ಕ್ಕೆ, ಮನಸ್ಸಿನ ಒತ್ತಡಕ್ಕೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಎರಡನೆಯದರಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.

ಮೂರು ವರ್ಷ ದಾಟಿತು. ಅವ್ವನ ಮರೆವು ಕಡಿಮೆಯಾಗಿಲ್ಲ. ನಿಜ ಹೇಳಬೇಕೆಂದರೆ ಹೆಚ್ಚಾಗಿದೆ. ಮಗನನ್ನು ಕೆಲವು ದಿನ ಅಣ್ಣನೆಂದು ಕರೆಯುತ್ತಾರೆ. ಆದರೆ ಒಮ್ಮೆಯೂ ಬಿದ್ದಿಲ್ಲ. ಕುರ್ಚಿಯಿಂದ ಐದಲ್ಲ, ಎಂಟು ಸಲ ಏಳುತ್ತಾರೆ. ಸಂಜೆಯ ಚಡಪಡಿಕೆ ಕಡಿಮೆ, ರಾತ್ರಿ ನಿದ್ರೆಯಿದೆ. ಇದು ನಡಿಗೆಯಿಂದಲೋ, ಬಿ-12ರಿಂದಲೋ, ಹೊಸ ಕಿವಿಯ ಯಂತ್ರದಿಂದಲೋ ಎಂದು ಬೇರ್ಪಡಿಸಿ ಹೇಳಲು ನಾವು ವೈದ್ಯರಲ್ಲ.

ತಿಂಗಳಿಗೊಮ್ಮೆ ಅಕ್ಕಲಕೋಟೆಯ ಬಸ್ಸು ಹಿಡಿದು ಊರಿಗೆ ಹೋಗುತ್ತೇವೆ. ಕಳೆದ ಸಲ ಬಸ್ಸಿಳಿದದ್ದೇ ಅವ್ವ ನಮ್ಮ ಕೈ ಬಿಡಿಸಿಕೊಂಡು ಮುಂದೆ ನಡೆದರು. ಹಳ್ಳದ ದಂಡೆ, ಬೇಲಿಯ ಸಂದಿ, ಬದುವಿನ ಮೇಲೆ ಎಡಕ್ಕೆ. ಎಲ್ಲೂ ತಡವರಿಸಲಿಲ್ಲ, ದಾರಿ ಕೇಳಲಿಲ್ಲ. ನಾವೇ ಹಿಂದೆ ಬಿದ್ದೆವು. ಹೊಲದ ಅಂಚಿನಲ್ಲಿ ನಿಂತು ಜೋಳದ ತೆನೆಯನ್ನು ಕೈಯಲ್ಲಿ ಹಿಡಿದು ನೋಡಿ, ಏದುಸಿರು ಬಿಡುತ್ತ ಬಂದ ಮಗನನ್ನು ಕೇಳಿದರು: “ನೀವು ಯಾವ ಊರಿನವರಪ್ಪಾ? ಇಷ್ಟು ದೂರ ನಡೆದು ರೂಢಿ ಇಲ್ಲವೇನು?”